ದನಿ ಮೊದಲು, ತುಟಿ ಆಮೇಲೆ: ನನ್ನ ಮಿದುಳಿನ ಹೊಲಿಗೆ ಬಿಚ್ಚುತ್ತಿದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ವಿಡಿಯೋಗಳಿಗೆ ಸಬ್‌ಟೈಟಲ್ ಹಾಕುವ ಕೆಲಸ. ದಿನಕ್ಕೆ ಒಂಬತ್ತು ಗಂಟೆ ವೈರ್‌ಲೆಸ್ ಹೆಡ್‌ಫೋನ್ ಹಾಕಿಕೊಂಡು ಜನರ ತುಟಿ ನೋಡುತ್ತಾ ಕೂತಿರುತ್ತೇನೆ. ಎರಡು ತಿಂಗಳಿಂದ ಒಂದು ವಿಚಿತ್ರ ಶುರುವಾಗಿದೆ. ಕೆಲಸ ಮುಗಿಸಿ ಮನೆಯವರ ಜೊತೆ ಮಾತಿಗೆ ಕೂತರೆ, ಅವರ ದನಿ ತುಟಿಗಿಂತ ಒಂದು ಚೂರು ಮುಂಚೆ ಬಂದ ಹಾಗೆ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಬೆಳಗ್ಗೆ ಏನೂ ಇರುವುದಿಲ್ಲ. ಕಳೆದ ವಾರ ಜನಜಂಗುಳಿಯಲ್ಲಿ ಹಸಿರು ಅಂಗಿ ತೊಟ್ಟ, ಕೆಂಪು ಬ್ಯಾಗ್ ಹಾಕಿದ್ದ ಹುಡುಗನೊಬ್ಬನನ್ನು ಕಂಡೆ. ಮತ್ತೆ ನೋಡಿದರೆ ಅಂಗಿ ಕೆಂಪು, ಬ್ಯಾಗ್ ಹಸಿರು! ಹೆದರಿ ಹುಡುಕಿ ಓದಿದೆ. ಬಣ್ಣ, ಆಕಾರ, ಚಲನೆ, ಶಬ್ದ ಇವನ್ನೆಲ್ಲ ಮಿದುಳು ಬೇರೆ ಬೇರೆ ಕಡೆ ನೋಡಿಕೊಳ್ಳುತ್ತದಂತೆ. 40 ಹರ್ಟ್ಸ್‌ನ (ಸೆಕೆಂಡಿಗೆ 40 ಸಲ ಮಿಡಿಯುವ) ಒಂದು ಲಯ ಅವನ್ನೆಲ್ಲ ಸೇರಿಸಿ ಹೊಲಿಯುತ್ತದಂತೆ. ಆ ಹೊಲಿಗೆ ಬಿಚ್ಚುವುದೇ ಮರೆವಿನ ಕಾಯಿಲೆ, ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇವುಗಳ ಮೊದಲ ಗುರುತಂತೆ. 40 ಹರ್ಟ್ಸ್‌ನಲ್ಲಿ ಪರದೆ ಮಿನುಗಿಸಿ ಅದನ್ನು ಸರಿಮಾಡುವ ಆ್ಯಪ್ ಕೂಡ ಕಂಡೆ. ನನ್ನ ಮಿದುಳಿನ ಹೊಲಿಗೆ ಬಿಚ್ಚುತ್ತಿದೆಯೇ? ಎಂಆರ್‌ಐ ಮಾಡಿಸಲೇ? ಆ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವಷ್ಟನ್ನು ನೋಡಿದರೆ ಇದು ಕಾಯಿಲೆಯ ಹಾಗೆ ಕಾಣುತ್ತಿಲ್ಲ. ಬರೀ ಪತ್ರ ಓದಿ ರೋಗ ಇಲ್ಲವೇ ಇಲ್ಲ ಅಂತ ಯಾವ ಡಾಕ್ಟರೂ ಹೇಳಲಾರರು. ಅದಕ್ಕೇ ಯಾವಾಗ ತೋರಿಸಿಕೊಳ್ಳಬೇಕು ಅನ್ನುವುದನ್ನೂ ಮುಂದೆ ಬರೆದಿದ್ದೇನೆ. ಆದರೆ ನಿಮ್ಮ ಪತ್ರದಲ್ಲಿ ನೀವೇ ಮೂರು ಒಳ್ಳೆಯ ಸುಳಿವು ಕೊಟ್ಟಿದ್ದೀರಿ. ಕೆಲಸ ಮುಗಿದ ಮೇಲೆ ಮಾತ್ರ ಬರುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಮತ್ತು ದನಿ ಮುಂಚೆ ಬರುತ್ತದೆ, ತಡವಾಗಿ ಅಲ್ಲ. ಈ ಮೂರನೆಯದು ಪತ್ರದ ಅತಿ ಮುಖ್ಯ ಸಾಲು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀವು ಓದಿದ್ದರಲ್ಲಿ ನಿಜವೂ ಇದೆ, ಸುಳ್ಳೂ ಇದೆ, ಅರ್ಧ ನಿಜವೂ ಇದೆ. ಅರ್ಧ ನಿಜವೇ ಜಾಸ್ತಿ ಹೆದರಿಸುವುದು. ಒಂದೊಂದಾಗಿ ಬಿಡಿಸೋಣ.

ಬಣ್ಣ, ಆಕಾರ, ಚಲನೆಗಳನ್ನು ಮಿದುಳಿನ ಬೇರೆ ಬೇರೆ ಭಾಗಗಳು ಹೆಚ್ಚಾಗಿ ನೋಡಿಕೊಳ್ಳುತ್ತವೆ ಅನ್ನುವುದು ನಿಜ. ಇದಕ್ಕೆ ಗಟ್ಟಿ ಸಾಕ್ಷಿ ರೋಗಿಗಳಿಂದಲೇ ಸಿಕ್ಕಿದೆ. 1983ರಲ್ಲಿ ಜರ್ಮನಿಯ ಯೋಸೆಫ್ ತ್ಸೀಲ್ ಮತ್ತು ಜೊತೆಗಾರರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಮಿದುಳಿನ ಹಿಂಭಾಗದಲ್ಲಿ ಎರಡೂ ಬದಿಗೆ ಪೆಟ್ಟಾಗಿ, ಆಕೆಗೆ ಚಲನೆ ಮಾತ್ರ ಕಾಣದಾಗಿತ್ತು. ಬಣ್ಣ ಕಾಣುತ್ತಿತ್ತು, ಆಕಾರವೂ ಕಾಣುತ್ತಿತ್ತು. ಆದರೆ ಕಪ್ಪಿಗೆ ಸುರಿಯುವ ಚಹಾ ಹೆಪ್ಪುಗಟ್ಟಿ ನಿಂತ ಹಾಗೆ ಕಾಣುತ್ತಿತ್ತು. ಯಾವಾಗ ನಿಲ್ಲಿಸಬೇಕು ಅಂತ ತಿಳಿಯುತ್ತಿರಲಿಲ್ಲ. ರಸ್ತೆ ದಾಟುವಾಗ ದೂರದಲ್ಲಿದ್ದ ಕಾರು ಮರುಕ್ಷಣ ಪಕ್ಕದಲ್ಲೇ ಇರುತ್ತಿತ್ತು, ನಡುವಿನ ಓಟವೇ ಇಲ್ಲ. ಇದರ ಉಲ್ಟಾ ಎನ್ನುವಂಥ ರೋಗಿಗಳೂ ಇದ್ದಾರೆ. ಅವರಿಗೆ ಚಲನೆ, ಆಕಾರ ಎಲ್ಲ ಸರಿಯಾಗಿ ಕಾಣುತ್ತದೆ, ಬಣ್ಣ ಮಾತ್ರ ಮಾಯವಾಗಿ ಲೋಕವೆಲ್ಲ ಬೂದುಬಣ್ಣವಾಗಿ ಕಾಣುತ್ತದೆ. ಒಂದು ಹೋಗಿ ಇನ್ನೊಂದು ಉಳಿಯುತ್ತದೆ ಅಂದಮೇಲೆ ಎರಡರ ಕೆಲಸವೂ ಒಂದೇ ಕಡೆ ನಡೆಯುತ್ತಿಲ್ಲ, ಅಲ್ವಾ?

ಇಲ್ಲಿ ಒಂದು ಮಾತು ಸೇರಿಸಬೇಕು. ಈ ವಿಂಗಡಣೆ ನೀವು ಓದಿದಷ್ಟು ಕಡ್ಡಿಮುರಿದ ಹಾಗೆ ಇಲ್ಲ. ಕಣ್ಣಿನ ಸುದ್ದಿಯನ್ನು ಮೊದಲು ಬರಮಾಡಿಕೊಳ್ಳುವ ಭಾಗದಲ್ಲೇ ಬಣ್ಣಕ್ಕೂ ಗೆರೆಯ ಓರೆಗೂ ಒಟ್ಟಿಗೆ ಸ್ಪಂದಿಸುವ ನರಕೋಶಗಳಿವೆ. ಒಂದು ಭಾಗದಿಂದ ಇನ್ನೊಂದಕ್ಕೆ ಮುಂದಕ್ಕೂ ಹಿಂದಕ್ಕೂ ಸುದ್ದಿ ಓಡಾಡುತ್ತಲೇ ಇರುತ್ತದೆ. ಎಲ್ಲ ಚೂರುಚೂರಾಗಿ ಬಿದ್ದಿದೆ, ಕೊನೆಗೆ ಯಾರೋ ಕೂತು ಹೊಲಿಯುತ್ತಾರೆ ಅನ್ನುವ ಚಿತ್ರವೇ ಸರಿಯಲ್ಲ. ಹೊಲಿಯುವುದಕ್ಕೆ ಅಂತ ಮಿದುಳಿನಲ್ಲಿ ಒಂದೇ ಒಂದು ಜಾಗ ಇಲ್ಲ. ಕೆಂಪು ಅಂಗಿ-ಹಸಿರು ಬ್ಯಾಗಿಗೊಂದು ಕೋಶ, ಹಸಿರು ಅಂಗಿ-ಕೆಂಪು ಬ್ಯಾಗಿಗೆ ಇನ್ನೊಂದು ಅಂತ ಪ್ರತಿ ಜೋಡಿಗೂ ಕೋಶ ಮೀಸಲಿಡುತ್ತಾ ಹೋದರೆ, ನಾವು ನೋಡಬಲ್ಲ ಜೋಡಿಗಳ ಮುಂದೆ ಮಿದುಳಿನ ಕೋಶಗಳು ಯಾತಕ್ಕೂ ಸಾಲವು.

ಹಾಗಾದರೆ ಯಾವ ಬಣ್ಣ ಯಾವ ವಸ್ತುವಿನದು ಅಂತ ಮಿದುಳಿಗೆ ಗೊತ್ತಾಗುವುದು ಹೇಗೆ? ಬಹುಪಾಲು ಜಾಗ ನೋಡಿಯೇ ಗೊತ್ತಾಗುತ್ತದೆ. ಕೆಂಪು ಎಲ್ಲಿದೆ, ಅಂಗಿ ಎಲ್ಲಿದೆ, ಎರಡೂ ಒಂದೇ ಕಡೆ ಇದ್ದರೆ ಅಂಗಿ ಕೆಂಪು. ಕೇಳಲು ಇಷ್ಟು ಸುಲಭ. ಆದರೆ ಅದಕ್ಕೆ ಗಮನ ಬೇಕು. 1980ರಲ್ಲಿ ಆ್ಯನ್ ಟ್ರೀಸ್ಮನ್ ಮತ್ತು ಗ್ಯಾರಿ ಜೆಲೇಡ್ ಎಂಬ ಮನೋವಿಜ್ಞಾನಿಗಳು ಹೇಳಿದ್ದು ಇದನ್ನೇ. ಹಸಿರು ಅಕ್ಷರಗಳ ನಡುವೆ ಒಂದೇ ಒಂದು ಕೆಂಪು ಅಕ್ಷರ ಇದ್ದರೆ ಅದು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಹಸಿರು ಅಕ್ಷರ ಐದಿರಲಿ, ಮೂವತ್ತಿರಲಿ, ಹೊತ್ತು ಅಷ್ಟೇ ಹಿಡಿಯುತ್ತದೆ. ಆದರೆ ಕೆಂಪು 'ಎಕ್ಸ್' ಹುಡುಕಬೇಕು, ಸುತ್ತ ಕೆಂಪು 'ಟಿ'ಗಳೂ ಹಸಿರು 'ಎಕ್ಸ್'ಗಳೂ ತುಂಬಿವೆ ಅಂದರೆ ಆಟವೇ ಬೇರೆ. ಆಗ ಒಂದೊಂದನ್ನೇ ನೋಡುತ್ತಾ ಹೋಗಬೇಕು. ಅಕ್ಷರ ಹೆಚ್ಚಿದಷ್ಟೂ ತಡವಾಗುತ್ತದೆ. ಬಣ್ಣ ಒಂದನ್ನೇ ಅಥವಾ ಆಕಾರ ಒಂದನ್ನೇ ಹಿಡಿಯಲು ಮಿದುಳಿಗೆ ಶ್ರಮವಿಲ್ಲ. ಎರಡರ ಜೋಡಿಯನ್ನು ಹಿಡಿಯಲು ಗಮನ ಆ ಜಾಗದ ಮೇಲೆ ಬಂದು ನಿಲ್ಲಬೇಕು.

ಗಮನ ನಿಲ್ಲದಿದ್ದರೆ ಏನಾಗುತ್ತದೆ? ಅದನ್ನು 1982ರಲ್ಲಿ ಟ್ರೀಸ್ಮನ್ ಮತ್ತು ಹಿಲರಿ ಶ್ಮಿಟ್ ಪರೀಕ್ಷಿಸಿದರು. ಕಾರ್ಡಿನ ಎರಡು ತುದಿಗೆ ಕಪ್ಪು ಅಂಕಿಗಳು, ನಡುವೆ ಬಣ್ಣದ ಅಕ್ಷರಗಳು. ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ತೆಗೆಯುತ್ತಾರೆ. ಮೊದಲು ಅಂಕಿ ಹೇಳಬೇಕು, ಆಮೇಲೆ ಅಕ್ಷರ. ಗಮನವೆಲ್ಲ ಅಂಕಿಗಳ ಮೇಲೆ ಹೋಗಿರುತ್ತದೆ. ಆಗ ಒಂದು ಅಕ್ಷರದ ಬಣ್ಣವನ್ನು ಇನ್ನೊಂದಕ್ಕೆ ಹಚ್ಚಿ ಹೇಳುವುದು ಮತ್ತೆ ಮತ್ತೆ ಕಂಡುಬಂತು. ಕಾರ್ಡಿನಲ್ಲಿ ಇಲ್ಲದ ಬಣ್ಣವನ್ನು ಹೇಳುವುದು ಇದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಚೂರುಗಳು ಸರಿಯಾಗಿ ಸಿಕ್ಕಿವೆ, ಜೋಡಿ ತಪ್ಪಿದೆ. ಅನೇಕರು ಅದನ್ನು ಊಹಿಸಿ ಹೇಳಿದ್ದಲ್ಲ, ಕಣ್ಣಾರೆ ಕಂಡ ಹಾಗೇ ಹೇಳುತ್ತಿದ್ದರು. ಅವರೆಲ್ಲ ಆರೋಗ್ಯವಂತರು, ಯುವ ವಯಸ್ಸಿನವರು.

ನೀವು ಮೊದಲು ಕಂಡ ಹಸಿರು ಅಂಗಿ-ಕೆಂಪು ಬ್ಯಾಗು ಇದೇ. ಜನಜಂಗುಳಿ, ಕಡೆಗಣ್ಣ ನೋಟ, ಗಮನ ಬೇರೆಲ್ಲೋ. ಎರಡೇ ಬಣ್ಣ, ಎರಡೇ ವಸ್ತು, ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅದಲುಬದಲಾಗಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿಲ್ಲ. ಮತ್ತೆ ನೋಡಿದಾಗ ಅಂಗಿ ಕೆಂಪು, ಬ್ಯಾಗ್ ಹಸಿರು ಅಂತಲೂ ಬರೆದಿದ್ದೀರಿ, ಅದೇ ನಿಜವಾದ ಜೋಡಿ ಇರಬೇಕು. ಗಮನ ಬಂತು, ಜೋಡಿ ಸರಿಯಾಯಿತು. ಇಂಥ ತಪ್ಪುಗಳು ಎಲ್ಲರಿಗೂ ಆಗುತ್ತಿರಬೇಕು, ಹೆಚ್ಚಿನವರು ಎರಡನೇ ಸಲ ತಿರುಗಿ ನೋಡುವುದೇ ಇಲ್ಲ, ಹಾಗಾಗಿ ಗೊತ್ತಾಗುವುದೂ ಇಲ್ಲ.

ಕಾಯಿಲೆಯಲ್ಲಿ ಇದು ಹೇಗಿರುತ್ತದೆ ಅಂತಲೂ ತಿಳಿದಿರಲಿ. ತಲೆಯ ಮೇಲ್ಭಾಗಕ್ಕೆ, ಸ್ವಲ್ಪ ಹಿಂದಕ್ಕೆ, ಪೆರೈಟಲ್ ಅನ್ನುವ ಭಾಗವಿದೆ. ಜಾಗದ ಲೆಕ್ಕ, ಗಮನ ಎರಡಕ್ಕೂ ಅದು ಬೇಕು. ಅದಕ್ಕೆ ಎರಡೂ ಬದಿ ಪೆಟ್ಟಾದರೆ ಬಾಲಿಂಟ್ ಸಿಂಡ್ರೋಮ್ ಬರಬಹುದು. ಹಂಗೇರಿಯ ರೆಜೋ ಬಾಲಿಂಟ್ 1909ರಲ್ಲಿ ಇದನ್ನು ವರ್ಣಿಸಿದರು. ಅಂಥ ರೋಗಿಗೆ ಒಂದು ಸಲಕ್ಕೆ ಒಂದೇ ವಸ್ತು ಕಾಣುತ್ತದೆ. ಕಣ್ಣೆದುರಿನ ಲೋಟಕ್ಕೆ ಕೈಚಾಚಿದರೆ ಕೈ ಇನ್ನೆಲ್ಲಿಗೋ ಹೋಗುತ್ತದೆ. 1995ರಲ್ಲಿ ಸ್ಟೇಸಿಯಾ ಫ್ರೀಡ್‌ಮನ್-ಹಿಲ್, ಲಿನ್ ರಾಬರ್ಟ್‌ಸನ್ ಮತ್ತು ಟ್ರೀಸ್ಮನ್ ಅಂಥ ಒಬ್ಬ ರೋಗಿಯನ್ನು ಪರೀಕ್ಷಿಸಿದರು. ಎರಡೇ ಎರಡು ಬಣ್ಣದ ಅಕ್ಷರ ತೋರಿಸಿ, ಹತ್ತು ಸೆಕೆಂಡ್‌ವರೆಗೂ ನೋಡಲು ಬಿಟ್ಟರೂ, ಬಣ್ಣಗಳನ್ನು ಅದಲುಬದಲು ಮಾಡಿ ಹೇಳುತ್ತಿದ್ದರು. ಹತ್ತು ಸೆಕೆಂಡ್ ಬಹಳ ದೊಡ್ಡ ಹೊತ್ತು. ನಿಮ್ಮದು ಒಂದು ಕಣ್ಣೋಟದ ತಪ್ಪು. ಇವೆರಡರ ನಡುವಿನ ಅಂತರ ನೋಡಿ.

ಈಗ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವ ದನಿ-ತುಟಿಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ದನಿ ಮತ್ತು ತುಟಿ ಒಂದೇ ಹೊತ್ತಿಗೆ ಮಿದುಳಿಗೆ ಬರುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗೆ ಬರುವುದೇ ಇಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡ್ (ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡ್). ಬೆಳಕಿನ ಮುಂದೆ ಇದು ಆಮೆ. ಆದರೆ ತಲೆಯ ಒಳಗೆ ಲೆಕ್ಕ ಉಲ್ಟಾ. ಕಿವಿಯ ಒಳಗಿನ ಕೋಶಗಳು ಶಬ್ದದ ಅಲುಗಾಟವನ್ನು ತಕ್ಷಣ ನರದ ಸುದ್ದಿ ಮಾಡುತ್ತವೆ. ಅದು 10ರಿಂದ 20 ಮಿಲಿಸೆಕೆಂಡಿನಲ್ಲಿ ಮಿದುಳಿನ ಹೊರಪದರ ಮುಟ್ಟುತ್ತದೆ. ಕಣ್ಣಿನ ರೆಟಿನಾದಲ್ಲಿ ಬೆಳಕು ನರದ ಸುದ್ದಿಯಾಗಬೇಕಾದರೆ ಸಾಲುಸಾಲು ರಾಸಾಯನಿಕ ಬದಲಾವಣೆ ಆಗಬೇಕು. ಆ ಸುದ್ದಿ ಮಿದುಳಿನ ಹಿಂಭಾಗ ಮುಟ್ಟಲು 50ರಿಂದ 70 ಮಿಲಿಸೆಕೆಂಡ್ ಬೇಕು. ಹಾಗಾಗಿ ಎದುರು ಕೂತು ಮಾತಾಡುವವರ ದನಿ ಮಿದುಳಿಗೆ ಮೊದಲು ಬರುತ್ತದೆ, ತುಟಿ ಆಮೇಲೆ. ಹತ್ತು ಹದಿನೈದು ಮೀಟರ್ ದೂರ ನಿಂತವರದು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ. ಅದಕ್ಕಿಂತ ದೂರ ಹೋದರೆ ದನಿ ಹಿಂದೆ ಬೀಳುತ್ತದೆ.

ಹೀಗಿದ್ದೂ ನಮಗೆ ಎಲ್ಲ ದೂರದಲ್ಲೂ ದನಿ-ತುಟಿ ಕೂಡಿಯೇ ಇದ್ದ ಹಾಗೆ ಅನಿಸುತ್ತದೆ. ಯಾಕೆಂದರೆ ಮಿದುಳು ಗಡಿಯಾರ ಹಿಡಿದು ಕೂತಿಲ್ಲ. ಅದು ಒಂದಿಷ್ಟು ಸಡಿಲ ಇಟ್ಟುಕೊಂಡಿದೆ. ಆ ಸಡಿಲದೊಳಗೆ ಬಂದ ಶಬ್ದ ಮತ್ತು ನೋಟ ಒಂದೇ ಘಟನೆಯವು ಅಂತ ತೀರ್ಮಾನಿಸುತ್ತದೆ. ಟಿವಿ ಪ್ರಸಾರದವರು ಇದನ್ನು ಅಳೆದಿದ್ದಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಲ್ಲಿ, ಶಬ್ದ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ. ಹಿಂದಾಗುವುದಾದರೆ ಸುಮಾರು 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ಈ ಎರಡು ಅಂಕಿ ಸಮನಾಗಿಲ್ಲ ನೋಡಿ. ಶಬ್ದ ತಡವಾಗಿ ಬರುವುದನ್ನು ಮಿದುಳು ಕ್ಷಮಿಸುತ್ತದೆ, ಮುಂಚೆ ಬರುವುದನ್ನು ಬೇಗ ಹಿಡಿಯುತ್ತದೆ. ಹೊರಗಿನ ಲೋಕದಲ್ಲಿ ದೂರದ ಶಬ್ದ ತಡವಾಗುವುದು ದಿನನಿತ್ಯದ ಮಾತು. ಆದರೆ ಶಬ್ದ ಬೆಳಕಿಗಿಂತ ಮೊದಲು ಬರುವುದು ಎಲ್ಲೂ ಇಲ್ಲ.

ಇನ್ನೂ ಒಂದು ಸಂಗತಿ ಇದೆ, ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಅದರಲ್ಲೇ ಇದೆ. ಈ ಸಡಿಲ ಒಂದೇ ಕಡೆ ನಿಂತಿರುವುದಿಲ್ಲ, ಅನುಭವಕ್ಕೆ ತಕ್ಕ ಹಾಗೆ ಸರಿಯುತ್ತದೆ. 2004ರಲ್ಲಿ ವಾಕಾ ಫುಜಿಸಾಕಿ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಬೆಳಕಿನ ಮಿಂಚು ಮತ್ತು ಬೀಪ್ ಶಬ್ದದ ನಡುವೆ ಒಂದು ಗೊತ್ತಾದ ಅಂತರ ಇಟ್ಟು, ಕೆಲವು ನಿಮಿಷ ಅದನ್ನೇ ಮತ್ತೆ ಮತ್ತೆ ತೋರಿಸಿದರು. ಆಮೇಲೆ ಪರೀಕ್ಷಿಸಿದರೆ, 'ಎರಡೂ ಒಟ್ಟಿಗೆ' ಅಂತ ಅನಿಸುವ ಬಿಂದುವೇ ಆ ಅಂತರದ ಕಡೆಗೆ ಸರಿದಿತ್ತು. ಶಬ್ದ ತಡವಾಗಿ ಬರುವುದನ್ನೇ ನೋಡಿ ನೋಡಿ, ಅದೇ ಸರಿ ಅಂತ ಮಿದುಳು ಒಪ್ಪಿಕೊಂಡಿತ್ತು.

ಈಗ ನಿಮ್ಮ ದಿನ ನೋಡಿ. ವೈರ್‌ಲೆಸ್ ಹೆಡ್‌ಫೋನ್ ಶಬ್ದವನ್ನು ಕಟ್ಟಿ, ಕಳಿಸಿ, ಬಿಚ್ಚಿ ಕೇಳಿಸುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಇದಕ್ಕೆ 100ರಿಂದ 250 ಮಿಲಿಸೆಕೆಂಡ್ ಹಿಡಿಯುವುದುಂಟು. ಕೆಲವು ಪ್ಲೇಯರ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ, ಎಲ್ಲವೂ ಹಾಗೆ ಮಾಡುವುದಿಲ್ಲ. ನೀವು ಒಂಬತ್ತು ಗಂಟೆ ತುಟಿಯನ್ನೇ ನೋಡುತ್ತೀರಿ, ಶಬ್ದ ಒಂದು ಚೂರು ತಡವಾಗಿ ಬರುತ್ತದೆ. ನಿಮ್ಮ ಮಿದುಳು ಆ ತಡಕ್ಕೆ ಹೊಂದಿಕೊಳ್ಳುತ್ತದೆ. ಹೆಡ್‌ಫೋನ್ ತೆಗೆದು ಮನೆಯವರ ಎದುರು ಕೂತಾಗ ದನಿ ತನ್ನ ಹೊತ್ತಿಗೇ ಬರುತ್ತದೆ. ಆದರೆ ಮಿದುಳು ಅದನ್ನು ಇನ್ನೂ ಸ್ವಲ್ಪ ತಡವಾಗಿ ನಿರೀಕ್ಷಿಸುತ್ತಿತ್ತು. ಹಾಗಾಗಿ ದನಿ ಮುಂಚೆ ಬಂದ ಹಾಗೆ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಹೊಸ ಲೆಕ್ಕ ಕೂತು ಸರಿಹೋಗುತ್ತದೆ. ದನಿ ಮುಂಚೆ ಬಂದ ಸಾಲು ಮುಖ್ಯ ಅಂದೆನಲ್ಲ, ಅದು ಇದಕ್ಕೇ. ಹೊಂದಿಕೊಂಡ ಮಿದುಳು ತಪ್ಪಬೇಕಾದ ದಿಕ್ಕಿನಲ್ಲೇ ನಿಮ್ಮದು ತಪ್ಪಿದೆ.

ಪ್ರಯೋಗಗಳಲ್ಲಿ ಈ ಸರಿದಾಟ ಚಿಕ್ಕದು, ಹತ್ತಾರು ಮಿಲಿಸೆಕೆಂಡ್ ಮಾತ್ರ. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ನಿಮ್ಮ ಕೆಲಸವೇ ತುಟಿ ಮತ್ತು ಮಾತಿನ ಹೊಂದಾಣಿಕೆ ನೋಡುವುದು. ನಿಮ್ಮ ಕಣ್ಣು ಪಳಗಿದೆ. ಜೊತೆಗೆ ಎರಡು ತಿಂಗಳಿಂದ ಹೆದರಿಕೊಂಡು, ಎದುರಿನವರು ಬಾಯಿ ತೆರೆದ ಕೂಡಲೇ ಅದನ್ನೇ ಗಮನಿಸುತ್ತಿದ್ದೀರಿ. ಹಾಗೆ ಗಮನಿಸಿದರೆ ಯಾರಿಗಾದರೂ ಏನಾದರೊಂದು ಕಂಡೇ ಕಾಣುತ್ತದೆ.

ಮಿದುಳು ಇಲ್ಲಿ ಮಾಡುತ್ತಿರುವುದು ತೀರ್ಮಾನ. 'ಈ ಶಬ್ದ, ಈ ನೋಟ ಎರಡೂ ಒಂದೇ ಕಡೆಯಿಂದ ಬಂದವೇ?' ಅಂತ ಪ್ರತಿಕ್ಷಣ ಕೇಳಿಕೊಂಡು, ಸಿಕ್ಕ ಸುಳಿವಿನ ಮೇಲೆ ತೀರ್ಪು ಕೊಡುತ್ತದೆ. ಆ ತೀರ್ಪು ಎಷ್ಟು ಬಲವಾದದ್ದು ಅಂದರೆ ಕೇಳಿದ್ದನ್ನೇ ಬದಲಾಯಿಸುತ್ತದೆ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ತೋರಿಸಿದ ಪ್ರಯೋಗ ನೀವು ಇಷ್ಟಪಡುತ್ತೀರಿ. ಕಿವಿಗೆ 'ಬ ಬ' ಅಂತ ಕೇಳಿಸುತ್ತಾರೆ, ಪರದೆಯ ಮೇಲಿನ ತುಟಿ 'ಗ ಗ' ಅನ್ನುತ್ತಿರುತ್ತದೆ. ನೋಡುವ ಅನೇಕರಿಗೆ ಕೇಳುವುದು 'ಡ ಡ'. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ಇಲ್ಲಿ ತುಟಿ ಮುಚ್ಚಲಿಲ್ಲ, ಹಾಗಾದರೆ ಅದು 'ಬ' ಆಗಿರಲಾರದು ಅಂತ ಮಿದುಳು ಎರಡಕ್ಕೂ ಒಪ್ಪುವ ಅಕ್ಷರ ಹುಡುಕುತ್ತದೆ. ಕಣ್ಣು ಮುಚ್ಚಿದರೆ ಮತ್ತೆ 'ಬ' ಕೇಳುತ್ತದೆ. ಈ ಮೋಸ ಗೊತ್ತಿದ್ದವರಿಗೂ ತಪ್ಪಿಸಿಕೊಳ್ಳಲಾಗುವುದಿಲ್ಲ. 2000ದಲ್ಲಿ ಲಾಡನ್ ಶಮ್ಸ್ ಮತ್ತು ಜೊತೆಗಾರರು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಬೆಳಕು ಒಂದೇ ಸಲ ಮಿಂಚಿದಾಗ ಎರಡು ಬೀಪ್ ಕೇಳಿಸಿದರೆ, ಬೆಳಕು ಎರಡು ಸಲ ಮಿಂಚಿದ ಹಾಗೆ ಕಾಣುತ್ತದೆ. ಹೊತ್ತಿನ ವಿಷಯದಲ್ಲಿ ಕಿವಿಯ ಮಾತಿಗೆ, ಜಾಗದ ವಿಷಯದಲ್ಲಿ ಕಣ್ಣಿನ ಮಾತಿಗೆ ಮಿದುಳು ಹೆಚ್ಚು ಬೆಲೆ ಕೊಡುತ್ತದೆ. ಬೊಂಬೆ ಮಾತಾಡಿಸುವವರ ದನಿ ಬೊಂಬೆಯ ಬಾಯಿಂದಲೇ ಬಂದ ಹಾಗೆ ಅನಿಸುವುದು ಅದಕ್ಕೇ.

ಈ ಸಾಮರ್ಥ್ಯ ಹುಟ್ಟಿನಿಂದಲೇ ಪೂರ್ತಿ ಸಿದ್ಧವಾಗಿ ಬರುವುದಿಲ್ಲ, ಕಲಿಕೆಯಿಂದ ಬೆಳೆಯುತ್ತದೆ. 1688ರಲ್ಲಿ ವಿಲಿಯಂ ಮಾಲಿನೋ ಎಂಬ ಐರಿಷ್ ವಿದ್ವಾಂಸ ಒಂದು ಪ್ರಶ್ನೆ ಎತ್ತಿದ್ದ. ಹುಟ್ಟುಕುರುಡನೊಬ್ಬ ಮುಟ್ಟಿ ತಿಳಿದ ಗೋಳ, ಘನಗಳನ್ನು ದೃಷ್ಟಿ ಬಂದ ಮೇಲೆ ಬರೀ ನೋಡಿ ಗುರುತಿಸುವನೇ? ಇದಕ್ಕೆ ಉತ್ತರದಂಥ ಪರೀಕ್ಷೆ ಭಾರತದಲ್ಲೇ ನಡೆಯಿತು. ಪವನ್ ಸಿನ್ಹಾ ಅವರ ತಂಡ, ಹುಟ್ಟಿನಿಂದ ಕಣ್ಣು ಕಾಣದೆ ಆಪರೇಷನ್ ನಂತರ ದೃಷ್ಟಿ ಪಡೆದ ಐದು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿತು. ಆಪರೇಷನ್ ಆದ ಕೂಡಲೇ, ಮುಟ್ಟಿದ್ದನ್ನು ನೋಡಿದ್ದರ ಜೊತೆ ಹೊಂದಿಸಲು ಅವರಿಗೆ ಆಗಲಿಲ್ಲ. ಮರುಪರೀಕ್ಷೆ ಮಾಡಿದ ಮಕ್ಕಳು ಮುಂದಿನ ದಿನಗಳಲ್ಲಿ ಬೇಗ ಕಲಿತರು. ಕಲಿಯುವ ಮಿದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ನಿಮ್ಮಲ್ಲಿ ಸಂಜೆ ನಡೆಯುತ್ತಿರುವುದೂ ಆ ಹೊಂದಾಣಿಕೆಯೇ ಅಂತ ನನ್ನ ಅಂದಾಜು.

40 ಹರ್ಟ್ಸ್‌ನ ಕಥೆಗೆ ಬರೋಣ. ಇದರ ಬೇರು ನಿಜವಾದ ವಿಜ್ಞಾನದಲ್ಲೇ ಇದೆ. 1989ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವುಲ್ಫ್ ಸಿಂಗರ್, ಚಾರ್ಲ್ಸ್ ಗ್ರೇ ಮತ್ತು ಜೊತೆಗಾರರು ಬೆಕ್ಕಿನ ಮಿದುಳಿನಲ್ಲಿ ಒಂದು ಸೊಗಸಾದ ಸಂಗತಿ ಕಂಡರು. ಎರಡು ಬೇರೆ ಬೇರೆ ಜಾಗ ನೋಡುವ ಕೋಶಗಳು. ಎರಡರ ಮೇಲೂ ಒಂದೇ ಒಂದು ಉದ್ದನೆಯ ಪಟ್ಟಿ ಹಾಯ್ದುಹೋದರೆ, ಅವು 40ರಿಂದ 60 ಹರ್ಟ್ಸ್ ಲಯದಲ್ಲಿ ತಾಳ ತಪ್ಪದೆ ಒಟ್ಟಿಗೆ ಮಿಡಿದವು. ಎರಡು ಬಿಡಿ ಪಟ್ಟಿಗಳು ಒಂದೇ ದಿಕ್ಕಿಗೆ ಹೋದರೆ ತಾಳ ಸಡಿಲವಾಯಿತು. ಒಂದಕ್ಕೊಂದು ಎದುರು ದಿಕ್ಕಿಗೆ ಹೋದರೆ ತಾಳವೇ ಇಲ್ಲ. 'ನಾವಿಬ್ಬರೂ ನೋಡುತ್ತಿರುವುದು ಒಂದೇ ವಸ್ತು' ಅಂತ ಕೋಶಗಳು ಹೀಗೆ ಗುರುತು ಹಾಕಿಕೊಳ್ಳುತ್ತಿರಬಹುದೇ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಆದರೆ 1999ರಲ್ಲಿ ಮೈಕೆಲ್ ಶಾಡ್ಲೆನ್ ಮತ್ತು ಆಂಥನಿ ಮೊವ್‌ಶನ್ ಗಟ್ಟಿ ಆಕ್ಷೇಪ ಎತ್ತಿದರು. ಯಾವ ಯಾವ ಕೋಶ ಒಟ್ಟಿಗೆ ಮಿಡಿಯಬೇಕು ಅಂತ ಮೊದಲು ಯಾರು ತೀರ್ಮಾನಿಸಿದರು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದಲ್ಲ ಅಂದರು. ಚಿತ್ರದ ಕಪ್ಪು-ಬಿಳುಪಿನ ಅಂತರ ಹೆಚ್ಚುಕಡಿಮೆಯಾದರೆ ಆ ಲಯದ ವೇಗವೇ ಬದಲಾಗುತ್ತದೆ ಅಂತಲೂ ಆಮೇಲೆ ಗೊತ್ತಾಯಿತು. ಚರ್ಚೆ ಇನ್ನೂ ನಡೆದಿದೆ. 40 ಹರ್ಟ್ಸ್ ಲಯವೇ ಹೊಲಿಗೆ ಅಂತ ಸಾಬೀತಾಗಿಲ್ಲ. ಹೊರಗಿನಿಂದ ಆ ಲಯ ತುಂಬಿದರೆ ನೋಟ ಕೂಡಿಕೊಳ್ಳುತ್ತದೆ ಅನ್ನುವುದಂತೂ ಇನ್ನೂ ದೂರದ ಮಾತು.

ಮಿನುಗುವ ದೀಪದ ಸುದ್ದಿ ಬೇರೆ ಕಡೆಯಿಂದ ಬಂದದ್ದು. ಲೀ-ಹುವೇ ತ್ಸಾಯ್ ಅವರ ಗುಂಪು 2016ರಲ್ಲಿ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ತರಿಸಿದ ಇಲಿಗಳ ಮೇಲೆ ಅದನ್ನು ಪ್ರಯೋಗಿಸಿತು. ಆಮೇಲೆ ಮನುಷ್ಯರ ಮೇಲೂ ಪರೀಕ್ಷೆಗಳು ಶುರುವಾದವು. ಅವು ನಡೆಯುವುದು ಡಾಕ್ಟರುಗಳ ಕಣ್ಗಾವಲಿನಲ್ಲಿ, ಆ ಕಾಯಿಲೆ ಇದ್ದವರ ಮೇಲೆ. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಇದರಲ್ಲಿ ಅಪಾಯವೂ ಇದೆ. ಬೆಳಕಿನ ಮಿನುಗು ಕೆಲವರಿಗೆ ಫಿಟ್ಸ್ ತರಿಸುತ್ತದೆ. 15ರಿಂದ 25 ಹರ್ಟ್ಸ್ ಅತಿ ಕೆಟ್ಟದ್ದು, ಆದರೆ 40 ಕೂಡ ಪೂರ್ತಿ ಸುರಕ್ಷಿತ ಅಲ್ಲ. ಅಂಥ ಒಲವು ತಮಗಿದೆ ಅಂತ ಅನೇಕರಿಗೆ ಮೊದಲ ಫಿಟ್ಸ್ ಬರುವವರೆಗೂ ಗೊತ್ತಿರುವುದಿಲ್ಲ. ಮೈಗ್ರೇನ್ ಇದ್ದವರಿಗೆ ತಲೆನೋವು ಕೆದರಬಹುದು. ಆ ಆ್ಯಪ್ ಬೇಡ.

ಸ್ಕಿಜೋಫ್ರೇನಿಯಾದ ಹೆದರಿಕೆಯನ್ನು ಬೇಗ ಮುಗಿಸುತ್ತೇನೆ. ಆ ಕಾಯಿಲೆ ಇರುವವರ ಗುಂಪನ್ನು ಇಲ್ಲದವರ ಗುಂಪಿನ ಜೊತೆ ಹೋಲಿಸಿದಾಗ, ಶಬ್ದ-ನೋಟ ಕೂಡಿಸುವ ಸಡಿಲ ಸರಾಸರಿ ದೊಡ್ಡದಿರುತ್ತದೆ ಅಂತ ಸಂಶೋಧನೆಗಳು ಹೇಳಿವೆ. ಆಟಿಸಂನಲ್ಲೂ ಹೀಗೆ ಕಂಡಿದೆ. ಅದು ಗುಂಪಿನ ಲೆಕ್ಕ. ಒಬ್ಬ ವ್ಯಕ್ತಿಯ ದನಿ-ತುಟಿ ನೋಡಿ ಯಾರೂ ಈ ಕಾಯಿಲೆ ಹೇಳುವುದಿಲ್ಲ. ಅಷ್ಟೇ ಅಲ್ಲ, ಸಡಿಲ ದೊಡ್ಡದಾದರೆ ಚಿಕ್ಕ ಅಂತರ ಕಾಣದೇ ಹೋಗುತ್ತದೆ. ನೀವು ಚಿಕ್ಕ ಅಂತರವನ್ನೂ ಹಿಡಿಯುತ್ತಿದ್ದೀರಿ.

ದನಿ ಮುಂಚೆ ಕೇಳುವ ಕಾಯಿಲೆ ಇಲ್ಲವೇ ಇಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಬಹಳ ಅಪರೂಪ, ಆದರೆ ಇದೆ. ಲಂಡನ್‌ನ ಎಲಿಯಟ್ ಫ್ರೀಮನ್ ಮತ್ತು ಜೊತೆಗಾರರು 2013ರಲ್ಲಿ ಪಿ.ಎಚ್. ಅಂತ ಕರೆದ ಒಬ್ಬ ನಿವೃತ್ತ ಪೈಲಟ್ ಬಗ್ಗೆ ಬರೆದರು. ಅವರು ಮೊದಲು ಮಗಳ ಮನೆಯ ಟಿವಿ ಕೆಟ್ಟಿದೆ ಅಂದುಕೊಂಡರು. ಆಮೇಲೆ ನೋಡಿದರೆ ಎದುರು ನಿಂತ ಮಗಳ ಮಾತೂ ತುಟಿಗಿಂತ ಮುಂಚೆ ಕೇಳುತ್ತಿತ್ತು. ದನಿಯನ್ನು ಸುಮಾರು 200 ಮಿಲಿಸೆಕೆಂಡ್ ತಡಮಾಡಿ ಕೇಳಿಸಿದರೆ ಮಾತ್ರ ಅವರಿಗೆ ಸರಿಹೊಂದಿದ ಹಾಗೆ ಅನಿಸುತ್ತಿತ್ತು. ಅವರ ತೊಂದರೆ ಹೆಡ್‌ಫೋನ್ ತೆಗೆದರೆ, ನಿದ್ದೆ ಮಾಡಿದರೆ ಹೋಗುವಂಥದ್ದಾಗಿರಲಿಲ್ಲ. ಇದೇ ಅಧ್ಯಯನದಲ್ಲಿ ಆರೋಗ್ಯವಂತರನ್ನೂ ಅಳೆದಿದ್ದರು. 'ಒಟ್ಟಿಗೆ' ಅನಿಸುವ ಬಿಂದು ಅವರಲ್ಲೂ ಒಬ್ಬರಿಂದೊಬ್ಬರಿಗೆ ಬೇರೆ ಇತ್ತು.

ಹಾಗಾದರೆ ನೀವು ಏನು ಮಾಡಬಹುದು?

ನಾನು ಮೊದಲು ಹೇಳುವುದು ತಂತಿಯ ಹೆಡ್‌ಫೋನ್. ಖರ್ಚು ಕಡಿಮೆ, ಅಪಾಯವಿಲ್ಲ, ಮತ್ತು ಇದೇ ಒಂದು ಪರೀಕ್ಷೆಯೂ ಹೌದು. ಎರಡು ವಾರ ಬೇರೇನೂ ಬದಲಾಯಿಸದೆ ಅದೊಂದನ್ನೇ ಬದಲಾಯಿಸಿ. ನನ್ನ ಅಂದಾಜು ಸರಿಯಿದ್ದರೆ ಸಂಜೆಯ ವಿಚಿತ್ರ ಕಡಿಮೆಯಾಗಬೇಕು. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಆ ಎರಡು ವಾರ ಎದುರಿನವರ ತುಟಿಯನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ. ಇದು ಸುಲಭವಲ್ಲ ಅಂತ ನನಗೆ ಗೊತ್ತು. ನನ್ನ ಬಳಿ ಬರುವವರಲ್ಲಿ, ಮೂಲ ತೊಂದರೆಗಿಂತ ಈ ತಪಾಸಣೆಯ ಚಟವೇ ಜಾಸ್ತಿ ದಿನ ಕಾಡುವುದನ್ನು ನೋಡಿದ್ದೇನೆ. ಆತಂಕ ಮತ್ತು ನಿದ್ದೆಗೇಡು ಜೋರಾದರೆ ಸುತ್ತಲಿನದೆಲ್ಲ ಗಾಜಿನಾಚೆ ಇದ್ದ ಹಾಗೆ, ನಿಜವಲ್ಲದ ಹಾಗೆ ಅನಿಸುವುದೂ ಉಂಟು. ಅದೂ ಮಿದುಳು ಹಾಳಾದ ಗುರುತಲ್ಲ, ಆದರೆ ಬಹಳ ಹೆದರಿಸುತ್ತದೆ. ಆ ಹಂತಕ್ಕೆ ಹೋಗಿದ್ದರೆ ಆತಂಕಕ್ಕೇ ಚಿಕಿತ್ಸೆ ಪಡೆಯಿರಿ, ಸುಮ್ನೆ ನುಂಗಿಕೊಂಡಿರಬೇಡಿ.

ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಎರಡರಲ್ಲಿ ಯಾವುದರ ಸುದ್ದಿ ಹೆಚ್ಚು ಸ್ಪಷ್ಟವೋ ಅದಕ್ಕೆ ಮಿದುಳು ಹೆಚ್ಚು ಬೆಲೆ ಕೊಡುತ್ತದೆ. ಕನ್ನಡಕದ ನಂಬರ್ ಬದಲಾಗಿದ್ದು ಗೊತ್ತಾಗದಿದ್ದರೆ ಈ ತೂಗಾಟ ಏರುಪೇರಾಗಬಹುದು. ಒಂಬತ್ತು ಗಂಟೆ ಪರದೆ ನೋಡುವವರಿಗೆ ಈ ಪರೀಕ್ಷೆ ಹೇಗೂ ಬೇಕು.

ಎಂಆರ್‌ಐ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರಿಂದ ವಿಕಿರಣದ ಅಪಾಯವಿಲ್ಲ, ನಿಜ. ಆದರೆ ಯಾವ ತೊಂದರೆಯೂ ಇಲ್ಲದವರ ಮಿದುಳನ್ನು ಸ್ಕ್ಯಾನ್ ಮಾಡಿದರೂ ನೂರರಲ್ಲಿ ಇಬ್ಬರು ಮೂವರಲ್ಲಿ ಏನಾದರೊಂದು ಆಕಸ್ಮಿಕವಾಗಿ ಕಾಣಿಸುತ್ತದೆ. ಹೆಚ್ಚಿನವು ಏನೂ ಮಾಡದವು. ಆದರೆ ಒಮ್ಮೆ ಕಂಡ ಮೇಲೆ ಮತ್ತೆ ಮತ್ತೆ ಸ್ಕ್ಯಾನ್, ವರ್ಷಗಟ್ಟಲೆ ದಿಗಿಲು. ಈಗಾಗಲೇ ಹೆದರಿರುವವರಿಗೆ ಅದು ಚಿಕ್ಕ ಬೆಲೆಯಲ್ಲ. ನರರೋಗ ತಜ್ಞರು ನಿಮ್ಮನ್ನು ಕೂರಿಸಿ ಪರೀಕ್ಷಿಸಿ, ಬೇಕು ಅನಿಸಿದರೆ ಅವರೇ ಬರೆಯುತ್ತಾರೆ.

ಕಾಯಬಾರದ ಸಂದರ್ಭಗಳೂ ಇವೆ. ನೋಟವೋ ಮಾತೋ ಇದ್ದಕ್ಕಿದ್ದ ಹಾಗೆ ಏರುಪೇರಾದರೆ, ಮುಖ ಓರೆಯಾದರೆ, ಒಂದು ಕಡೆಯ ಕೈಕಾಲು ಸೋತರೆ ಗಂಟೆಗಟ್ಟಲೆ ಯೋಚಿಸದೆ ತುರ್ತು ಚಿಕಿತ್ಸೆಗೆ ಹೋಗಿ, ಅದು ಪಾರ್ಶ್ವವಾಯು ಆಗಿರಬಹುದು. ಚಲಿಸುವ ವಸ್ತು ನಿಂತು ನಿಂತು ಜಿಗಿದ ಹಾಗೆ ಕಂಡರೆ, ಒಂದು ಸಲಕ್ಕೆ ಒಂದೇ ವಸ್ತು ಕಂಡರೆ, ಚಾಚಿದ ಕೈ ಗುರಿ ತಪ್ಪುತ್ತಿದ್ದರೆ ಬೇಗ ತೋರಿಸಿ. ನಡುನಡುವೆ ಕೆಲವು ನಿಮಿಷ ಎಚ್ಚರ ತಪ್ಪಿದ ಹಾಗಾಗಿ ಆಮೇಲೆ ಏನೂ ನೆನಪಿಲ್ಲದಿದ್ದರೂ ಅಷ್ಟೇ. ತಲೆಗೆ ಏಟು ಬಿದ್ದ ಮೇಲೆ ಅಥವಾ ಹೊಸ ಮಾತ್ರೆ ಶುರುಮಾಡಿದ ಮೇಲೆ ಇದು ಬಂದಿದ್ದರೆ ಅದನ್ನು ಮರೆಯದೆ ಹೇಳಿ. ನೀವು ಇವ್ಯಾವುದನ್ನೂ ಬರೆದಿಲ್ಲ. ಇದ್ದೂ ಬಿಟ್ಟಿದ್ದರೆ ನನ್ನ ಮೇಲಿನ ಸಮಾಧಾನದ ಮಾತುಗಳನ್ನು ಬದಿಗಿಡಿ.

ಎರಡು ವಾರದ ನಂತರವೂ, ತಂತಿಯ ಹೆಡ್‌ಫೋನ್ ಬಳಸಿದರೂ, ರಜೆಯ ದಿನ ಬೆಳಗ್ಗೆಯೂ ದನಿ ಮುಂಚೆ ಕೇಳುತ್ತಿದ್ದರೆ ನರರೋಗ ತಜ್ಞರ ಬಳಿ ಹೋಗಿ. ಹೋಗುವ ಮುನ್ನ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ. ದನಿ ಮುಂಚೆಯೋ, ತುಟಿ ಮುಂಚೆಯೋ? ಎಷ್ಟು ಹೊತ್ತು ಇರುತ್ತದೆ? ಪರದೆಯಲ್ಲಿ ಮಾತ್ರವೋ, ಎದುರಿನವರಲ್ಲೂ ಇದೆಯೋ? ಚಪ್ಪಾಳೆ ತಟ್ಟಿದಾಗ ನಿಮ್ಮ ಕೈಯಿಂದಲೇ ಬರುವ ಶಬ್ದದಲ್ಲೂ ಹಾಗೆ ಅನಿಸುತ್ತದೆಯೋ? ಈ ನಾಲ್ಕಕ್ಕೆ ಉತ್ತರ ಇದ್ದರೆ ಅವರ ಕೆಲಸ ಅರ್ಧ ಮುಗಿದಂತೆ.